ಉಬ್ಬುಹೊಟ್ಟೆಯ ಗಿಟಾರು

ಹೆಬ್ಬೆರಳಿನ ಉಗುರಿನಷ್ಟಗಲದ ಪ್ಲಾಸ್ಟಿಕ್ ಚೂರೊಂದು ಕಾಣೆಯಾಯಿತು. ಪ್ರೇಮಾನಂದನ ಆ ಶನಿವಾರ ಕೆಡುವುದಕ್ಕೆ ಅಷ್ಟೇ ಸಾಕಾಯಿತು. ದೇವರು ದೊಡ್ಡ ಆಟ ಆಡುವುದು ಸಣ್ಣ ಕಾಯಿಗಳಿಂದಲೇ ಎಂದು ಹಿರಿಯರು ಹೇಳುವುದುಂಟು. ಅವರು ಗಿಟಾರು ಕಂಡವರಲ್ಲ. ಆದರೂ ತಪ್ಪು ಹೇಳಿದವರಲ್ಲ.

ಪ್ರೇಮಾನಂದ ಬೈಂದೂರಿನ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಐವತ್ತರ ಹತ್ತಿರದ ಪ್ರಾಯ, ಮದುವೆಯಿಲ್ಲ. ಹಗಲಿಡೀ ಕೊಡಪಾನ ಬಡಿದು ಸದ್ದು ನೋಡುವ ಗಿರಾಕಿಗಳೊಡನೆ ಮಾತಾಡಿ ಸಂಜೆ ಬಾಡಿಗೆ ಮನೆಗೆ ಬಂದರೆ, ಮಾತಿಗೆ ಸಿಗುವುದು ಗೋಡೆಯ ಹಲ್ಲಿಯೊಂದೇ. ಅದೂ ಏನು ಹೇಳಿದರೂ ಲೊಚಗುಟ್ಟಿ ಹೌದೆನ್ನುವ ಜಾತಿ.

ಹಿಂದೆ ಮುಂಬಯಿಯ ಹೋಟೆಲಿನಲ್ಲಿದ್ದಾಗ, ಎದುರಿನ ಚಾಳಿನ ಮುದುಕನೊಬ್ಬ ಸಂಜೆಯಾದರೆ ಉಬ್ಬುಹೊಟ್ಟೆಯ ಗಿಟಾರು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವನು ನಾಲ್ಕು ಸಲ ಮೀಟುವಷ್ಟರಲ್ಲಿ ಮೆಟ್ಟಿಲ ತುಂಬ ಜನ. ಆ ಮೆಟ್ಟಿಲು ಪ್ರೇಮಾನಂದನ ಮನಸ್ಸಿನಿಂದ ಇಳಿದಿರಲಿಲ್ಲ. ತನ್ನ ಮನೆಗೂ ಮೂರು ಮೆಟ್ಟಿಲಿವೆ. ಒಬ್ಬರಾದರೂ ಬಂದು ಕೂತು 'ಒಂದು ನುಡಿಸು' ಎನ್ನಲಿ ಎಂಬುದಷ್ಟೇ ಅವನ ಬೇಡಿಕೆ. ಅದಕ್ಕೆಂದೇ ಫೋನಿನಲ್ಲಿ ಹುಡುಕಿ, ಆ ಜಾತಿಯದ್ದೇ ಅಗ್ಗದ್ದೊಂದನ್ನು ತರಿಸಿದ್ದ.

ಆ ಶನಿವಾರ ಬೆಳಿಗ್ಗೆ ಪಾರ್ಸೆಲ್ ಬಿಚ್ಚಿದಾಗ ಮೊದಲು ಬಂದದ್ದು ವಾರ್ನಿಶಿನ ವಾಸನೆ. ನಡುವೆ ಹಲಸಿನ ತೊಳೆಯ ಬಣ್ಣ, ಅಂಚಿಗೆ ಹೋದಂತೆ ಕಪ್ಪು. ಹೊಟ್ಟೆ ಆಮೆಯ ಬೆನ್ನಿನಂತೆ ಉಬ್ಬಿತ್ತು. ದುಂಡನೆಯ ತೂತಿನ ಬದಲು ಪಿಟೀಲಿಗಿರುವಂತೆ ಎರಡು ಬಳುಕು ಸೀಳು. ಶ್ರುತಿ ಮಾಡೋಣವೆಂದು ತಂತಿ ಸಡಿಲಿಸಿದರೆ, ತಂತಿ ಹೊತ್ತ ಮರದ ಕುದುರೆ ಕಳಚಿ ಮಡಿಲಿಗೇ ಬಿತ್ತು. ಅಗ್ಗದ ಮಾಲು ಅಗ್ಗದ ಬುದ್ಧಿ ತೋರಿಸಿತು ಎಂದುಕೊಂಡ. ಜೊತೆಗಿದ್ದ ಕಾಗದ ಓದಿದ ಮೇಲೆ ತಿಳಿಯಿತು: ಈ ಜಾತಿಯಲ್ಲಿ ಕುದುರೆಗೆ ಅಂಟು ಹಾಕುವುದಿಲ್ಲ, ಅದು ತಂತಿಯ ಬಿಗಿಯಲ್ಲೇ ನಿಲ್ಲಬೇಕು. ಪಾಪ, ಇದೂ ನನ್ನ ಹಾಗೆ ಯಾರಿಗೂ ಅಂಟಿಕೊಂಡದ್ದಲ್ಲ ಎಂದು ಪ್ರೇಮಾನಂದನಿಗೆ ಗಿಟಾರಿನ ಮೇಲೆ ಅಕ್ಕರೆ ಹುಟ್ಟಿತು. ಬಿಗಿದು ಬೆರಳಲ್ಲಿ ಎಳೆದರೆ ಶೀತ ಹಿಡಿದ ಭಾಗವತರಂತೆ ಮೂಗಿನಲ್ಲಿ ನುಡಿಯಿತು. ಬೆರಳು ಉರಿಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಚಂದ್ರಮತಿ ಬಾಗಿಲಲ್ಲಿ ನಿಂತಿದ್ದಳು. ನಿನ್ನೆ ಮೇಯಲು ಹೋದ ದನ ಮನೆಗೆ ಬಂದಿರಲಿಲ್ಲ. ಅದನ್ನು ಹುಡುಕುತ್ತ ಹೊರಟವಳು.

"ಹ್ವಾಯ್ ಪ್ರೇಮಾನಂದಣ್ಣ, ಇದೆಂತ ತರ್ಸಿದ್ರಿ? ಪಿಟೀಲ್ ಬಸ್ರಿ ಆದಂಗಿತ್ತಲೆ."

"ಗಿಟಾರ್ ಅಕ್ಕ. ಒಂದ್ ಚೂರ್ ನುಡ್ಸ್ಲಾ?"

"ದೇವ್ರಿಗೆ ತೋರ್ಸ್ದೆ ನುಡ್ಸುದಾ? ಗಂಡಸ್ರಿಗೆ ಇದೆಲ್ಲ ಗೊತ್ತಾತಿಲ್ಲೆ." ದನವನ್ನು ಮರೆತು ಅವಳು ಮನೆಗೆ ಓಡಿ ಕುಂಕುಮ, ದಾಸವಾಳ ತಂದಳು. ಗಿಟಾರಿಗೆ, ಚೀಲಕ್ಕೆ, ರಟ್ಟಿನ ಪೆಟ್ಟಿಗೆಗೆ ಬೊಟ್ಟಿಟ್ಟಳು. ದೇವರ ಪಟದ ಮುಂದೂ ಹೂ ಇಟ್ಟು ಕೈಮುಗಿದಳು.

ಟೆಂಪೋ ಓಡಿಸುವ ಶೀನನೂ ಬಂದು ಗಿಟಾರಿನ ಹೊಟ್ಟೆಯ ಮೇಲೆ ಬೆರಳಲ್ಲಿ ಬಡಿದು ಕಿವಿಗೊಟ್ಟ. "ಇನ್ನೆರ್ಡ್ ದಿನ ಬಿಡಿ. ಹಣ್ಣಾತ್ತ್."

ಗಿಟಾರಿನ ಜೊತೆ ಬಂದಿದ್ದ, ತಂತಿ ಮೀಟುವ ಪ್ಲಾಸ್ಟಿಕ್ ಚೂರು ಕಾಣೆಯಾಗಿದೆಯೆಂದು ಗೊತ್ತಾದದ್ದು ಆಗಲೇ. ಮೂವರೂ ಚಾಪೆ ಕೊಡವಿ ಹುಡುಕಿದರು. ಸಿಗಲಿಲ್ಲ.

"ಅದಕ್ಕೆಂತ ಮಂಡೆಬಿಸಿ?" ಎಂದ ಶೀನ. "ಒಂದ್ ರುಪಾಯಿ ನಾಣ್ಯದಗೆ ಗೀರಿ. ತಂತಿಗೆಂತ ಕಣ್ಣಿತ್ತಾ?"

ಪ್ರೇಮಾನಂದ ನಾಣ್ಯ ಹಿಡಿದ. ಚಂದ್ರಮತಿ ಅವನ ಕೈ ತಡೆದಳು. "ಇಲ್ಲಿ ಬ್ಯಾಡ. ಹೊಸ ವಾದ್ಯದ್ ಮೊದ್ಲ್ ಸೇವೆ ಭಜನಾ ಮಂದಿರ್ದಗೆ. ಇವತ್ತ್ ಶನಿವಾರ ಬೇರೆ."

ಸಂಜೆ ಶೀನನ ಟೆಂಪೋದಲ್ಲಿ ಗಿಟಾರು ಮಂದಿರಕ್ಕೆ ಹೋಯಿತು. ಮಂಡಳಿಯ ಹಿರಿಯ ಚಂದಯ್ಯ ಅಂದು ಮೊದಲೇ ಬೇಸರದಲ್ಲಿದ್ದರು. ಉಪ್ಪುಗಾಳಿಗೆ ಕಾಣಿಕೆ ಡಬ್ಬಿಯ ತಳ ತುಕ್ಕು ಹಿಡಿದು ಕಳಚಿ ಬಿದ್ದಿತ್ತು. ರಿಪೇರಿಗೆ ಕೊಟ್ಟದ್ದು ಬಂದಿರಲಿಲ್ಲ.

"ವಿಠಲನ್ ಮುಂದೆ ಇಂಗ್ಲಿಷ್ ಸಾಮಾನಾ?" ಎಂದರು.

"ನಿಮ್ ಹಾರ್ಮೋನಿಯಂ ಎಂತ ಕೋಟೇಶ್ವರದಗೆ ಹುಟ್ಟಿದ್ದಾ?" ಎಂದ ಶೀನ. ಚಂದಯ್ಯ ತಾಳ ಕೈಗೆತ್ತಿಕೊಂಡರು.

ಪ್ರೇಮಾನಂದ ದೇವರ ಎದುರು ಕೂತ. ಸುತ್ತ ಜನ, ಎಲ್ಲರ ಕಣ್ಣೂ ತನ್ನ ಮೇಲೆ. ಇಷ್ಟು ಜನ ಅವನತ್ತ ನೋಡಿದ್ದು ಅವನ ನಾಮಕರಣದ ದಿನವೇ ಇರಬೇಕು. ಕೈ ಬೆವತಿತು. ಒಮ್ಮೆ ಮೀಟಿದ, ಎರಡನೆಯ ಸಲ ಮೀಟುವಾಗ ನಾಣ್ಯ ಜಾರಿ ಸೀಳಿನೊಳಗೆ ಬಿದ್ದು ಟಣ್ ಎಂದಿತು. ನಾಚಿಕೆಗೆ ಕಣ್ಣು ಮುಚ್ಚಿ "ವಿಠಲಾ" ಎಂದ.

"ಕಂಡ್ರ್ಯಾ," ಎಂದು ಚಂದ್ರಮತಿ ಪಿಸುಗುಟ್ಟಿದಳು. "ಕಾಣ್ಕಿ ಹಾಕಿಯೇ ಸುರು ಮಾಡುದ್ ಕಾಣಿ ಇದನ್. ಅದಕ್ಕೇ ಎರ್ಡ್ ಬಾಯಿ ಇಟ್ಟದ್." ಸೆರಗಿನ ಗಂಟು ಬಿಚ್ಚಿ, ದನಕ್ಕಾಗಿ ಹರಕೆ ಹೇಳಿ, ಅವಳೂ ಒಂದು ನಾಣ್ಯ ಹಾಕಿದಳು.

ಅವಳು ಹಿಂದೆ ಸರಿಯುವಷ್ಟರಲ್ಲಿ ಅಂಗಳದಲ್ಲಿ ಅಂಬಾ ಎಂಬ ಕೂಗು. ಅವಳದೇ ದನ. ಕತ್ತಲಾಗುವ ಹೊತ್ತಿಗೆ ದನ ಮನೆಯ ದಾರಿ ಹಿಡಿಯುವುದು ಪವಾಡವೇನಲ್ಲ, ಮಂದಿರವಿದ್ದದ್ದೂ ಆ ದಾರಿಯಲ್ಲೇ. ಆದರೆ ಭಕ್ತಿ ದಾರಿ ಕೇಳುವುದಿಲ್ಲ. ಜನ ಸಾಲು ನಿಂತರು. ಮೊಣಕಾಲು ನೋವಿನವರು, ಸೊಸೆ ನೋವಿನವರು, ಬಲೆಗೆ ಮೀನು ಬೀಳದವರು, ಎಲ್ಲರೂ ಹಾಕಿದರು. ಗಿಟಾರು ಪ್ರೇಮಾನಂದನ ತೊಡೆಯ ಮೇಲೆ ಭಾರವಾಗುತ್ತಲೇ ಹೋಯಿತು.

ಭಜನೆ ಮುಗಿದ ಮೇಲೆ ನಾಣ್ಯ ಉದುರಿಸಲು ಅವನು ಗಿಟಾರನ್ನು ಮೆಲ್ಲನೆ ಕವುಚಿ ಹಿಡಿದ. ಚಂದಯ್ಯ ಅವನ ತೋಳು ಹಿಡಿದರು.

"ದೇವ್ರ್ ಕಾಣ್ಕಿ ಮಗ್ಚೂಕಾಗ ಮಾರಾಯ. ಅದನ್ ತೆಗೂದ್ ವರ್ಷಕ್ಕೊಂದ್ ಸಲ, ದೊಡ್ಡ ಏಕಾದಶಿಗೆ, ಹತ್ತ್ ಜನರ್ ಎದ್ರಿಗೆ."

"ಹಾಂಗಾರೆ ಅಲ್ಲಿವರಿಗೆ ನಾ ಎಂತ ನುಡ್ಸುದ್?"

ಚಂದಯ್ಯ ಗಿಟಾರನ್ನು ತುಸು ಅಲುಗಿಸಿದರು. ಒಳಗೆ ಝಣಝಣ ಎಂದಿತು. "ತನ್ನಷ್ಟಕ್ಕೇ ನುಡಿತ್ತಲೆ. ನಿಂಗೆಂತಕೆ ಕಷ್ಟ?"

"ಏಕಾದಶಿ ಆದ್ ಮೇಲೆ ಕೊಡ್ತ್ರ್ಯಾ?"

ಚಂದಯ್ಯ ಸೀಳಿನೊಳಗೆ ಬೆರಳು ತೂರಿಸಿ ನೋಡಿದರು. ತೂರಲಿಲ್ಲ. "ಕೊಡ್ತೆ. ಆದ್ರೆ ಹೊಟ್ಟಿ ಸೀಳ್ದೆ ತೆಗೂಕ್ ಆತಿಲ್ಲೆ ಅಲ್ದಾ? ಹಲಸಿನ್ ಹಣ್ಣ್ ಕೊಯ್ದಂಗೆ."

ಪ್ರೇಮಾನಂದ ಬರಿದಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ದೀಪ ಹಚ್ಚಲು ಹೋಗಿ, ಪಟದ ಮುಂದೆ ಬಾಡಿದ್ದ ದಾಸವಾಳ ಎತ್ತಿದರೆ, ಕೆಳಗೆ ಕುಂಕುಮದ ಬೊಟ್ಟು ಹೊತ್ತು ಆ ಪ್ಲಾಸ್ಟಿಕ್ ಚೂರು ಮಲಗಿತ್ತು. ಹೊಸ ಸಾಮಾನಿನಲ್ಲಿ ತೀರ ಸಣ್ಣದನ್ನು ಚಂದ್ರಮತಿ ದೇವರಿಗೆ ಒಪ್ಪಿಸಿದ್ದಳು; ಆಮೇಲೆ ಹುಡುಕಿದ್ದು ಅದನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಅದನ್ನು ಅಂಗೈಯಲ್ಲಿಟ್ಟು ನೋಡುತ್ತಿರುವಾಗ ಹೊರಗೆ ಮೆಟ್ಟಿಲ ಮೇಲೆ ಸದ್ದಾಯಿತು. ಒಬ್ಬರಲ್ಲ, ಐದಾರು ಜನ. ಮೂರೂ ಮೆಟ್ಟಿಲು ತುಂಬಿದ್ದವು. ಅವನು ಓಡಿ ಚಾಪೆ ತಂದ.

"ಬನಿ ಬನಿ, ಕೂಕಣಿ," ಎಂದ.

"ಕೂಕಂಬುಕ್ ಪುರ್ಸೊತ್ತಿಲ್ಲೆ ಪ್ರೇಮಾನಂದಣ್ಣ," ಎಂದಳು ಎಲ್ಲರಿಗಿಂತ ಮುಂದಿದ್ದ ಚಂದ್ರಮತಿ. "ಮಂದಿರದ್ ಬಾಗ್ಲ್ ಹಾಕ್ತ್ರಂಬ್ರ್. ನೀವ್ ಅಂಗ್ಡಿಯವ್ರಲ್ದಾ, ಒಂಚೂರ್ ಚಿಲ್ರೆ ಇತ್ತಾ? ನಿಮ್ ಗಿಟಾರಿಗ್ ಹಾಕುಕೆ."

ಡಬ್ಬದಲ್ಲಿದ್ದ ನಾಣ್ಯವನ್ನೆಲ್ಲ ಕೊಟ್ಟ. ಅವರು ಹೋದರು. ಪ್ರೇಮಾನಂದ ಖಾಲಿ ಮೆಟ್ಟಿಲ ಮೇಲೆ ಕೂತು, ಆ ಚೂರಿನಿಂದ ಹಿತ್ತಾಳೆ ಚೊಂಬಿನ ಅಂಚನ್ನು ಒಮ್ಮೆ ಮೀಟಿದ. ಸದ್ದು ಪರವಾಗಿಲ್ಲ.

"ಇನ್ನೊಂದ್ ನುಡ್ಸ್ಲಾ?" ಎಂದು ಕೇಳಿದ.

ಒಳಗಿನಿಂದ ಹಲ್ಲಿ ಲೊಚಗುಟ್ಟಿತು.