ಆರೇ ಜನ, ದಯವಿಟ್ಟು ಮೌನ

ನಮ್ಮ ನೀರಿನ ಟ್ಯಾಂಕಿಯ ಕಬ್ಬಿಣದ ಏಣಿಗೆ ಒಂಬತ್ತು ಮೆಟ್ಟಿಲು. ಏಳನೆಯ ಮೆಟ್ಟಿಲಿನಲ್ಲಿ ನಿಂತು ಎಡಗೈ ಚಾಚಿದರೆ ನನ್ನ ಮೊಬೈಲಿಗೆ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಎಂಟನೆಯದಕ್ಕೆ ಹತ್ತಿದರೆ ಕೇರಳದ ಟವರ್ ಹಿಡಿದು, ಒಬ್ಬ ಹೆಂಗಸು ಮಲಯಾಳದಲ್ಲಿ ಸ್ವಾಗತ ಕೋರುತ್ತಾಳೆ. ಗಡಿಯ ನಮ್ಮ ಊರು ಮಂಡೆಕೋಲಿನಲ್ಲಿ ಎರಡು ರಾಜ್ಯಗಳ ನಡುವೆ ಅಷ್ಟೇ ಅಂತರ.

ಈ ಏಳನೆಯ ಮೆಟ್ಟಿಲಿನ ಮೇಲೆ ನಾನು ಪ್ರವಾಸೋದ್ಯಮ ಕಟ್ಟಲು ಹೊರಟೆ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅಪ್ಪನ ತಂಗಿ ಶಾರದತ್ತೆಯ ಮನೆಯಲ್ಲಿದ್ದೆ. ಅತ್ತೆಯ ಗುಡ್ಡೆಯಲ್ಲಿ ಒಂದು ಧೂಪದ ಮರ. ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಹಕ್ಕಿ ಒಳಗೆ ಕೂತು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಗಂಡು ಹೆದರಿ ಬಾರದೆ ಹೋದರೆ ತಾಯಿ, ಮರಿ ಎಲ್ಲರೂ ಉಪವಾಸ. ನನಗೆ ಈ ಸಂಸಾರದ ಮೇಲೆ ವಿಶೇಷ ಗೌರವ. ಬಾಗಿಲು ಮುಚ್ಚಿಕೊಂಡು ಇರುವುದು, ಯಾರ ಹತ್ತಿರವೂ ಮಾತಿಲ್ಲ, ಊಟ ಮಾತ್ರ ಹೊತ್ತಿಗೆ ಸರಿಯಾಗಿ!

ಯೋಜನೆ ಸರಳವಾಗಿತ್ತು. ಭಾನುವಾರ ಬೆಳಿಗ್ಗೆ ಆರು ಜನರನ್ನು ಮಾತ್ರ ಕರೆದುಕೊಂಡು ಹೋಗಿ, ದೂರದಿಂದ ಗೂಡು ತೋರಿಸುವುದು. ಬುಕಿಂಗ್ ಆನ್‌ಲೈನಿನಲ್ಲಿ. ಆನ್‌ಲೈನೇ ಏಕೆಂದರೆ ಯಾರೊಂದಿಗೂ ಮಾತಾಡಬೇಕಾಗಿಲ್ಲ. ಫೋನ್ ರಿಂಗಾದರೆ ಅದು ನಿಲ್ಲುವವರೆಗೆ ನಾನು ಬೇರೆ ಕೋಣೆಯಲ್ಲಿರುತ್ತೇನೆ.

ಆ್ಯಪಿನಲ್ಲಿ ನೋಂದಣಿಗೆ ಮೂರು ಸಂಜೆ ಹಿಡಿಯಿತು. ಏಣಿಯ ಮೇಲೆ ಒಟಿಪಿ ಬಂದು ಮುಟ್ಟುವಾಗ ಅದರ ಆಯುಸ್ಸು ಮುಗಿದಿರುತ್ತಿತ್ತು. ನಾಲ್ಕನೆಯ ಸಂಜೆ ಎಲ್ಲ ತುಂಬಿ ಆಯಿತು, ಒಂದು ಕಾಲಂ ಬಿಟ್ಟು: "ಸಂಪರ್ಕ ಸಂಖ್ಯೆ, ಕಡ್ಡಾಯ." ನನ್ನ ನಂಬರನ್ನು ಅಪರಿಚಿತರಿಗೆ ಕೊಡುವುದೇ? ಅತ್ತೆಯ ಕೀಪ್ಯಾಡ್ ಫೋನಿನ ನಂಬರ್ ಹಾಕಿದೆ. ಆ ಫೋನಿಗೆ, ಏಕೋ, ಅಡಿಗೆಮನೆಯಲ್ಲೂ ನೆಟ್‌ವರ್ಕ್ ಬರುತ್ತದೆ.

ಅದು ನನ್ನ ಮೊದಲ ತಪ್ಪು. ಉಳಿದ ತಪ್ಪುಗಳಿಗೆ ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಎರಡು ವಾರದಲ್ಲಿ ಬಂದ ಬುಕಿಂಗ್ ಒಂದು. ಅದೂ ಪರೀಕ್ಷೆಗೆಂದು ನಾನೇ ಮಾಡಿದ್ದು. ಒಳಗೊಳಗೇ ಸಮಾಧಾನವೂ ಆಯಿತು. ಪುತ್ತೂರಿನಲ್ಲಿ ಗೆಳತಿಯ ಮನೆಯಲ್ಲಿ ನಾಲ್ಕು ದಿನ ಇದ್ದು, ಶನಿವಾರ ಸಂಜೆ ಹಿಂದಿರುಗಿದಾಗ ಅತ್ತೆ ದೊಡ್ಡ ಪಾತ್ರೆಯಲ್ಲಿ ಅಕ್ಕಿ ತೊಳೆಯುತ್ತಿದ್ದರು.

"ಎಂತ ಅತ್ತೆ, ಯಾರಿಗೆ ಇಷ್ಟು?"

"ನಿನ್ನ ಹಕ್ಕಿ ನೋಡ್ಲಿಕ್ಕೆ ಬರುವವರಿಗೆ ಮಾರಾಯ್ತಿ! ದಿನಾ ಫೋನು. ನಾಳೆ ಬೆಳಿಗ್ಗೆ ಬನ್ನಿ ಅಂದಿದ್ದೇನೆ."

"ಎಷ್ಟು ಜನ?"

"ಅದೆಲ್ಲ ಕೇಳ್ಲಿಕ್ಕೆ ಉಂಟಾ? ಬರುವವರತ್ರ ಎಷ್ಟು ತಲೆ ಅಂತ ಕೇಳಿದ್ರೆ, ಈ ಮನೆಯಲ್ಲಿ ಅಕ್ಕಿಗೆ ಬರ ಬಂದಿದೆ ಅಂತ ಗ್ರಹಿಸುದಿಲ್ವಾ? ಎಲ್ಲರೂ ಬನ್ನಿ ಅಂದೆ."

"ಆ್ಯಪಿನಲ್ಲಿ ಬುಕ್ ಮಾಡಿ ಅಂತ ಹೇಳ್ಬೇಕಿತ್ತು ಅತ್ತೆ!"

"ಒಬ್ಬರು ಕೇಳಿದ್ರು, ದುಡ್ಡು ಮೊದಲೇ ಕಟ್ಟುದಾ ಅಂತ. ಮನೆಗೆ ಕಾಲಿಡುವ ಮೊದಲೇ ದುಡ್ಡಾ? ಇದೆಂತ ಬಸ್ಸಾ? ನಾಚಿಕೆ ಆಯ್ತು ನಂಗೆ. ಹಾಗೇ ಬನ್ನಿ ಅಂದೆ."

"ಯಾರೆಲ್ಲ ಬರ್ತಾರೆ?"

"ಕಾಣಿಯೂರಿನ ಒಬ್ಬರು ಮಾಸ್ಟ್ರು, ಕಡಬದಿಂದ ಎರಡು ಮನೆಯವರು... ಮತ್ತೆ ಅಜ್ಜಾವರದ ಭಜನಾ ತಂಡ."

"ತಾಳ ತರ್ತಾರಾ?"

"ತರದೆ? ಭಜನೆ ಮಾಡುವವರು ತಾಳ ಮನೆಯಲ್ಲಿ ಇಟ್ಟು ಬರ್ತಾರಾ?"

ನನ್ನ ಕಣ್ಣೆದುರು ಪೊಟರೆಯ ಸೀಳು, ಅದರ ಹಿಂದೆ ಒಂದು ಕೊಕ್ಕು, ಮರದ ಬುಡದಲ್ಲಿ ಭಜನೆ! ಅತ್ತೆಯ ಫೋನಿನಲ್ಲಿ ಇಪ್ಪತ್ತೆರಡು ನಂಬರುಗಳಿದ್ದವು. ಒಬ್ಬೊಬ್ಬರಿಗೂ ಕರೆ ಮಾಡಿ ಬೇಡವೆನ್ನಬೇಕು. ಮೊದಲನೆಯದಕ್ಕೆ ಮಾಡಿದೆ. ಒಮ್ಮೆ ರಿಂಗಾಯಿತು. ಕಟ್ ಮಾಡಿದೆ. ಅವರೇ ತಿರುಗಿ ಮಾಡಿದರು. ಫೋನನ್ನು ಅಕ್ಕಿಯ ಪಕ್ಕದಲ್ಲಿಟ್ಟು ಹೊರಗೆ ಓಡಿದೆ. "ಹೌದೌದು, ಬನ್ನಿ ಬನ್ನಿ!" ಎಂದು ಅತ್ತೆ ಹೇಳುವುದು ಅಂಗಳಕ್ಕೂ ಕೇಳಿತು.

ಕೊನೆಗೆ ನಾನು ವಿದ್ಯಾವಂತರ ದಾರಿ ಹಿಡಿದೆ. ಎಲ್ಲರಿಗೂ ಸಂದೇಶ ಕಳಿಸಿದೆ: "ಮಾನ್ಯರೇ, ಗೂಡಿನೊಳಗೆ ತಾಯಿ ಹಕ್ಕಿ ಹಾಗೂ ಮರಿಗಳಿವೆ. ಜನಸಂದಣಿಯಿಂದ ಅವುಗಳ ಜೀವಕ್ಕೆ ಅಪಾಯವಿರುವುದರಿಂದ ಆರು ಮಂದಿಗಷ್ಟೇ ಅವಕಾಶ. ಸಹಕರಿಸಬೇಕಾಗಿ ವಿನಂತಿ."

ಭಾನುವಾರ ಆರೂವರೆಗೆ ಎರಡು ಜೀಪು, ಒಂದು ಟೆಂಪೋ, ಮೂರು ಆಟೋ ಅಂಗಳದಲ್ಲಿ ನಿಂತವು. ನಲವತ್ತಮೂರು ಜನ! ಎರಡು ಸಲ ಎಣಿಸಿದೆ, ಕಡಿಮೆಯಾಗಲಿಲ್ಲ. ಮುಂದಿನ ಜೀಪಿನಿಂದ ನೆರೆಮನೆಯ ಕುಶಾಲಣ್ಣ ಇಳಿದರು. ಪ್ರವಾಸಿಗಳನ್ನು ಗುಡ್ಡೆ ಹತ್ತಿಸುವುದು ಅವರ ಕಸುಬು.

"ಯಾರೋ ನಂಗೆ ಕಳಿಸಿದ ನಿಮ್ಮ ಮೆಸೇಜು ಭಾರೀ ಲಾಯ್ಕ ಇತ್ತು ಅಕ್ಕ. ಜೀವಕ್ಕೆ ಅಪಾಯ ಅಂತ ಓದಿ ಬೇಸರ ಆಯ್ತು. ಸಾಯುವ ಮೊದಲು ಒಮ್ಮೆ ನೋಡಿ ಅಂತ ಎಲ್ಲಾ ಗ್ರೂಪಿಗೂ ಹಾಕಿದೆ."

ಅವರ ಹಿಂದಿನ ಜೀಪು ಹಾರ್ನ್ ಹೊಡೆಯಿತು. "ಹಾರ್ನ್ ಬೇಡ!" ಎಂದು ನಾನು ಗರ್ಜಿಸಿದೆ. ಎಂದಿನಂತೆ ಅದು ಬಾಯಿಯೊಳಗೇ ಉಳಿಯಿತು. ಗುಡ್ಡೆಯ ದಾರಿಯಲ್ಲಿ ರಟ್ಟಿನ ಫಲಕ ಎತ್ತಿ ಹಿಡಿದು ಅಡ್ಡ ನಿಂತೆ: "ಆರೇ ಜನ, ದಯವಿಟ್ಟು ಮೌನ." ಕಡಬದ ಎರಡೂ ಮನೆಯವರು ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಯಾರೋ ತಾಳದ ಚೀಲ ಬಿಚ್ಚಿದರು.

ಆಗ ಅತ್ತೆ ಸಟ್ಟುಗ ಹಿಡಿದು ಹೊರಗೆ ಬಂದರು.

"ಎಲ್ಲಿಗೆ ಹೊರಟದ್ದು? ತಿಂಡಿ ತಿನ್ನದೆ ಗುಡ್ಡೆ ಹತ್ತುದಾ? ನೀರುದೋಸೆ ಬಿಸಿಬಿಸಿ ತಿನ್ಬೇಕು. ಒಂದು ಪಂಕ್ತಿಗೆ ಆರು ಜನ ಕೂತುಕೊಳ್ಳಿ. ತಿಂದವರು ಹೋಗಿ ಬನ್ನಿ, ಉಳಿದವರು ಕಾಯಿರಿ. ತಾಳ ಜಗಲಿಯಲ್ಲಿ ಇರ್ಲಿ, ಕೈ ತೊಳೆಯಿರಿ."

ಒಬ್ಬರೂ ಎದುರಾಡಲಿಲ್ಲ! ಪ್ರವಾಸಿಗಳ ಮಿತಿಯನ್ನು ಆ್ಯಪ್ ಒಪ್ಪಿಸಲಾರದೆ ಹೋಯಿತು. ಅತ್ತೆಯ ಎರಡು ಒಲೆ ಒಪ್ಪಿಸಿದವು. ನಾನು ಗೂಡಿನ ಎದುರು ಪಹರೆ ನಿಂತೆ. ಕುಶಾಲಣ್ಣ ಆರಾರು ಜನರನ್ನು ಬೆಕ್ಕಿನ ಹೆಜ್ಜೆಯಲ್ಲಿ ಕರೆತಂದು, ಹತ್ತು ನಿಮಿಷಕ್ಕೆ ಕರೆದೊಯ್ದರು. ಮಕ್ಕಳೂ ಉಸಿರು ಬಿಗಿಹಿಡಿದಿದ್ದರು.

ಗಂಡು ಹಕ್ಕಿ ಮಾತ್ರ ಬರಲಿಲ್ಲ. ಮೊದಲ ಪಂಕ್ತಿಗೂ ಇಲ್ಲ, ಕೊನೆಯದಕ್ಕೂ ಇಲ್ಲ.

ಹೊರಡುವಾಗ ಮಾಸ್ಟ್ರು ಅತ್ತೆಗೆ ಕೈಮುಗಿದರು. "ದೋಸೆ ಬಹಳ ಒಳ್ಳೆದಿತ್ತು ಅಮ್ಮ. ಹಕ್ಕಿ ಇನ್ನೊಮ್ಮೆ ನೋಡುವ."

ನನಗೆ ಇನ್ನೊಮ್ಮೆ ಎನ್ನುವ ಮಾತೇ ಭಯ ಹುಟ್ಟಿಸಿತು. ವಾಹನಗಳೆಲ್ಲ ಹೋದ ಮೇಲೂ ಸೂರ್ಯ ಮುಳುಗುವವರೆಗೆ ಮರದ ಎದುರೇ ನಿಂತೆ. ಬರಲಿಲ್ಲ. ಬೆಳಿಗ್ಗೆಯಿಂದ ಒಳಗಿನವರಿಗೆ ಒಂದು ಹಣ್ಣೂ ಇಲ್ಲ. ನನ್ನ ಎಂ.ಎಸ್ಸಿ. ಪದವಿಯ ಮೊದಲ ಸಾಧನೆ, ಒಂದು ಕುಟುಂಬದ ಅಂತ್ಯ!

"ಅದಕ್ಕೂ ಸಂಸಾರ ಉಂಟಲ್ಲ, ಬರ್ತದೆ. ನೀನು ಉಣ್ಣು," ಎಂದರು ಅತ್ತೆ. ನಾನು ತಟ್ಟೆ ಹಾಗೇ ಬಿಟ್ಟು ಎದ್ದೆ.

ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ ಅದೇ ಜಾಗದಲ್ಲಿ ಕೂತೆ. ಬೆಳಕಾದ ಮೇಲೆ ಗಂಡು ಬಂತು, ಕೊಕ್ಕಿನಲ್ಲಿ ಒಂದು ಗೋಳಿಹಣ್ಣು! ಪಕ್ಕದ ಕೊಂಬೆಯಲ್ಲಿ ಕೂತು ಗೂಡನ್ನು ನೋಡಿತು. ನನ್ನನ್ನು ನೋಡಿತು. ಹಾರಿಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. ಮತ್ತೆ ನನ್ನನ್ನು ನೋಡಿತು. ಮತ್ತೆ ಹೋಯಿತು.

ಆಗ ನನಗೆ ಲೆಕ್ಕ ತಿಳಿಯಿತು. ನಲವತ್ತಮೂರು ಜನವೂ ಹತ್ತು ಹತ್ತು ನಿಮಿಷ ನಿಂತು ಹೋಗಿದ್ದರು. ಹಗಲಿಡೀ ಕದಲದೆ, ಗೂಡನ್ನೇ ದಿಟ್ಟಿಸುತ್ತ ನಿಂತಿದ್ದವಳು ಒಬ್ಬಳೇ.

ಚಪ್ಪಲಿ ಕೈಯಲ್ಲಿ ಹಿಡಿದು, ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಸರಿದು ಗೇರುಮರಗಳ ಆಚೆ ಹೋಗಿ ಅಡಗಿದೆ. ರೆಕ್ಕೆ ಬಡಿದ ಸದ್ದು ಕೇಳಿತು. ಆಮೇಲೆ ಪೊಟರೆಯೊಳಗಿಂದ ಹಸಿದವರ ಗಲಾಟೆ. ಒಮ್ಮೆ ಇಣುಕಲು ಬಹಳ ಮನಸ್ಸಾಯಿತು. ಇಣುಕಲಿಲ್ಲ. ಗುಡ್ಡೆಯ ಕೊನೆಯ ಪ್ರವಾಸಿಯನ್ನು, ಅಂದರೆ ನನ್ನನ್ನು, ನಾನೇ ಕೈಹಿಡಿದು ಮನೆಗೆ ಕರೆದುಕೊಂಡು ಬಂದೆ.