ಡೀಸೆಲ್ ಕಾರಿಗೆ ಪೆಟ್ರೋಲು ಕುಡಿಸಿದ ಬಂಕಿನ ಮಾಲೀಕರಿಗೆ

ಮಾನ್ಯರೇ,

ತಮಗೂ, ತಮ್ಮ ಬಂಕಿನ ಭವ್ಯ ಚಾವಣಿಗೂ, ಅದರ ಕೆಳಗೆ ಹಗಲಿರುಳೆನ್ನದೆ ನಿಂತು ಸೇವೆ ಸಲ್ಲಿಸುತ್ತಿರುವ ಪಂಪುಗಳಿಗೂ, ಗಾಳಿ ತುಂಬುವ ಯಂತ್ರದ ಮೇಲೆ ಸದಾ ಮಲಗಿರುವ ಬೆಕ್ಕಿಗೂ ನನ್ನ ಸವಿನಯ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನನ್ನ ಭಾವಮೈದುನನ ಕಾರು ಮಾತ್ರ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ.

ಈ ಪತ್ರವನ್ನು ಆಸ್ಪತ್ರೆಯ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಭಾಷೆ ಅಲ್ಲಲ್ಲಿ ತಡವರಿಸಿದರೆ ಮನ್ನಿಸಬೇಕು. ಒಳಗೆ ನನ್ನ ಅತ್ತೆಯ ಅಕ್ಕನ ಹೃದಯವನ್ನು ಡಾಕ್ಟರು ರಿಪೇರಿ ಮಾಡುತ್ತಿದ್ದಾರೆ. ನಾವು ಅವರನ್ನು ದೊಡ್ಡತ್ತೆ ಎನ್ನುತ್ತೇವೆ. ಈ ಅಕ್ಕ ತಂಗಿ ತಮ್ಮ ತಾಯಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಜಗಳವಾಡಿ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಇಬ್ಬರಿಗೂ ಹೊಲಿಯಲು ಬಾರದು; ಒಂದು ಗುಂಡಿ ಕಿತ್ತರೂ ಇಬ್ಬರೂ ದರ್ಜಿಯ ಹತ್ತಿರ ಓಡುತ್ತಾರೆ. ಆಪರೇಷನ್ನಿಗೆ ಮೊದಲು ಒಮ್ಮೆ ಹೋಗಿ ಮಾತಾಡಿಸಿ ಬನ್ನಿ, ಏನಾದರೂ ಹೆಚ್ಚುಕಮ್ಮಿಯಾದರೆ ಆಮೇಲೆ ಅತ್ತು ಏನು ಫಲ ಎಂದು ಮನೆಯವರೆಲ್ಲ ಗೋಗರೆದ ಮೇಲೆ, ಅತ್ತೆ ನಿನ್ನೆ ಬೆಳಗ್ಗೆ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಅದೂ ಒಂದು ಷರತ್ತಿನ ಮೇಲೆ. ದಾರಿಯಲ್ಲಿ ಸಣ್ಣದೊಂದು ವಿಘ್ನ ಬಂದರೂ ಅವರು ಅಲ್ಲಿಂದಲೇ ವಾಪಸು.

ನನ್ನಲ್ಲಿರುವುದು ಒಂದು ಹಳೆಯ ಸ್ಕೂಟರು. ಹಾಗಾಗಿ ಭಾವಮೈದುನ ತನ್ನ ಕಾರಿನ ಬೀಗದ ಕೈಯನ್ನು, ಮಗಳನ್ನು ಧಾರೆಯೆರೆದು ಕೊಡುವವನ ಮುಖ ಹೊತ್ತು, ನನ್ನ ಕೈಗಿಟ್ಟ. ಬಾಗಿಲು ಮೆಲ್ಲಗೆ ಹಾಕಿ ಭಾವ, ಒಳಗೆ ಬಿಸ್ಕತ್ತು ತಿನ್ನಬೇಡಿ ಭಾವ, ಸೀಟನ್ನು ಹಿಂದಕ್ಕೆ ತಳ್ಳಬೇಡಿ ಭಾವ ಎಂದು ಗೇಟಿನವರೆಗೂ ಹಿಂದೆಯೇ ಬಂದವನು, ಅದು ಡೀಸೆಲ್ ಗಾಡಿ ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೆ ಅದನ್ನು ಸಾರುವ ಚೀಟಿ ಇತ್ತಂತೆ. ಕಾರಿನ ಬಣ್ಣಕ್ಕೆ ಒಪ್ಪುವುದಿಲ್ಲವೆಂದು ಕೊಂಡ ವಾರವೇ ಕೆರೆದು ತೆಗೆದಿದ್ದನಂತೆ.

ಹೀಗೆ ನಾವು ತಮ್ಮ ಬಂಕಿಗೆ ಬಂದೆವು. ಅಲ್ಲಿ ದೊರೆತ ಆದರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ದಪ್ಪ ಮೀಸೆಯ ತಮ್ಮ ಹಿರಿಯ ನೌಕರರು ಕೊಳವೆಯನ್ನು ಕೈಗೆತ್ತಿಕೊಂಡು, "ಝೀರೋ ನೋಡ್ಕೊಳಿ ಸಾರ್" ಎಂದರು. ನೋಡಿದೆ. "ಸರಿಯಾಗಿ ನೋಡ್ಕೊಳಿ, ಆಮೇಲೆ ಮಾತು ಬರಬಾರ್ದು" ಎಂದರು. ಕಾರಿನಿಂದ ಇಳಿದು ಹತ್ತಿರ ಹೋಗಿ ನೋಡಿದೆ. ನಮ್ಮ ಮನೆತನದಲ್ಲಿ ಬಂಕಿಗೆ ಹೋದವರು ಝೀರೋ ನೋಡುವುದನ್ನು ಒಂದು ವ್ರತದಂತೆ ಪಾಲಿಸುತ್ತಾರೆ; ಹಿಂದಿನ ಸೀಟಿನಲ್ಲಿದ್ದ ಅತ್ತೆ ಕೂಡ ಗಾಜು ಇಳಿಸಿ, ಕನ್ನಡಕ ಹಾಕಿಕೊಂಡು, ಝೀರೋ ಇರುವುದು ನಿಜವೆಂದು ಖಾತ್ರಿಪಡಿಸಿದರು. ನಾನು "ಫುಲ್ ಮಾಡಿ" ಎಂದೆ. ಮೂವರೂ ಉಸಿರು ಬಿಗಿಹಿಡಿದು ಝೀರೋ ನೋಡುತ್ತಿದ್ದುದರಿಂದ, ಕೊಳವೆ ಯಾವುದು ಎಂದು ನೋಡಲು ಯಾರ ಕಣ್ಣೂ ಉಳಿದಿರಲಿಲ್ಲ. ಅಣುಮಾತ್ರವೂ ಮೋಸವಿಲ್ಲದ, ಅಳತೆಯಲ್ಲಿ ಒಂದು ಹನಿಯೂ ಕಮ್ಮಿಯಿಲ್ಲದ, ಅಪ್ಪಟ ಶುದ್ಧ ಪೆಟ್ರೋಲನ್ನು ತಾವು ಡೀಸೆಲ್ ಕಾರಿಗೆ ಕಂಠಪೂರ್ತಿ ತುಂಬಿಸಿ ಕಳಿಸಿದಿರಿ.

ಪೈಪಿನಲ್ಲಿ ಉಳಿದಿದ್ದ ಹಳೆಯ ಡೀಸೆಲಿನ ಋಣ ತೀರುವವರೆಗೆ ಕಾರು ಸದ್ದಿಲ್ಲದೆ ಓಡಿತು. ಆಮೇಲೆ ಒಮ್ಮೆ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ಒಳಗೆ ಯಾರೋ ಸುತ್ತಿಗೆಯಿಂದ ಕುಟ್ಟುತ್ತಿರುವಂತೆ ಟಕಟಕ ಎಂದು, ಹಿಂದಿನಿಂದ ಬಿಳಿ ಹೊಗೆ ಬಿಟ್ಟು, ಹಾಸಿಗೆ ಅಂಗಡಿಯೊಂದರ ಮುಂದೆ ನಿಂತೇಬಿಟ್ಟಿತು. ತಮ್ಮ ರಸೀದಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ತಮ್ಮ ಮ್ಯಾನೇಜರು ರಸೀದಿಯ ಪ್ರತಿ ನೋಡಿ ಪೆಟ್ರೋಲೇ ಹಾಕಿರುವುದು ಎಂದು ಒಪ್ಪಿಕೊಂಡು, "ಅದಕ್ಕೇನು ಸಾರ್, ಎರಡೂ ಎಣ್ಣೇನೇ ಅಲ್ವಾ? ಸ್ಟಾರ್ಟ್ ಮಾಡ್ತಾ ಇರಿ, ಅಡ್ಜಸ್ಟ್ ಆಗುತ್ತೆ" ಎಂದರು. ಎಂಥ ಸಮದೃಷ್ಟಿ! ಇಂಥ ಮಹಾನುಭಾವರು ರಕ್ತನಿಧಿಯಲ್ಲಿ ಕೆಲಸಕ್ಕೆ ಸೇರದೆ ತಮ್ಮಲ್ಲೇ ಉಳಿದಿರುವುದು ಮನುಕುಲದ ಪುಣ್ಯ. ಅವರ ಮಾತಿಗೆ ಬೆಲೆ ಕೊಟ್ಟು ನಾನು ಕೀಲಿ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಡೀಸೆಲ್ ಎಂಬುದು ಇಂಜಿನ್ನಿನೊಳಗಿನ ಪಂಪಿಗೆ ಜಿಡ್ಡೂ ಹೌದು, ಪೆಟ್ರೋಲು ಆ ಜಿಡ್ಡನ್ನು ತೊಳೆದುಬಿಡುತ್ತದೆ, ಕೀಲಿ ಮುಟ್ಟದೆ ಇದ್ದಿದ್ದರೆ ಟ್ಯಾಂಕು ಖಾಲಿ ಮಾಡಿದ್ದರಲ್ಲೇ ಮುಗಿಯುತ್ತಿತ್ತು ಎಂದು ಮೆಕ್ಯಾನಿಕ್ಕು ಆಮೇಲೆ ತಿಳಿಸಿದ. ಸುದ್ದಿ ಕೇಳಿದ ಭಾವಮೈದುನ ಇನ್ನೂ ನನ್ನೊಡನೆ ಮಾತಾಡಿಲ್ಲ. ಬಹುಶಃ ಅವನೂ ಅಡ್ಜಸ್ಟ್ ಆಗುತ್ತಿರಬಹುದು.

ಕಾರಿನ ಗತಿ ಹಾಳಾಗಲಿ ಮಾನ್ಯರೇ, ನನ್ನ ಎದೆ ಒಡೆದದ್ದು ಅತ್ತೆ ಬಾಗಿಲು ತೆಗೆದು ಕೆಳಗಿಳಿದಾಗ. "ವಿಘ್ನ ಬಂತಲ್ಲ. ಮನೆಗೆ ಆಟೋ ಹಿಡೀರಿ" ಎಂದರು. ಬೇಡಿಕೊಂಡೆ, ಕೇಳಲಿಲ್ಲ. ಮರುದಿನ ಏನಾಗುತ್ತದೋ ಎಂದು ಗೊತ್ತಿಲ್ಲದ ಒಬ್ಬ ಹೆಂಗಸು ಆಸ್ಪತ್ರೆಯ ಮಂಚದ ಮೇಲೆ ಕುಳಿತು ತಂಗಿಯ ದಾರಿ ಕಾಯುತ್ತಿದ್ದಾಳೆ, ತಂಗಿ ಹಾಸಿಗೆ ಅಂಗಡಿಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಾಳೆ, ನಡುವೆ ನಾನು ಪೆಟ್ರೋಲು ತುಂಬಿಸಿ ಕುಳಿತಿದ್ದೇನೆ. ನನಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ನನ್ನ ಹೆಂಡತಿಯ ಫೋನು ಬಂತು. ನಡೆದದ್ದನ್ನು ಹೇಳುತ್ತಿದ್ದಂತೆ ಪಕ್ಕದಲ್ಲಿದ್ದ ದೊಡ್ಡತ್ತೆ ಫೋನು ಕಿತ್ತುಕೊಂಡು, ಡೀಸೆಲ್ ಗಾಡಿಗೆ ಯಾರಾದರೂ ಪೆಟ್ರೋಲು ಹಾಕಿಸುತ್ತಾರೆಯೇ ಎಂದು ನನ್ನನ್ನು ಜಾಡಿಸತೊಡಗಿದರು. ಆ ದನಿ ಹೊರಗೆ ನಿಂತಿದ್ದ ಅತ್ತೆಗೂ ಕೇಳಿಸಿತು. ನನ್ನನ್ನು ಬೈಯುವ ಹಕ್ಕು ಬೇರೆಯವರ ಪಾಲಾಗುವುದನ್ನು ಸಹಿಸದ ಅವರು ನನ್ನ ಕೈಯಿಂದ ಫೋನು ಕಸಿದುಕೊಂಡು, "ನನ್ ಕೇಳು ಅಕ್ಕ, ನಾನ್ ಕಣ್ಣಾರೆ ನೋಡಿದೀನಿ" ಎಂದರು. ಅಕ್ಕ ಎಂಬ ಆ ಮಾತು ಬಾಯಿಂದ ಜಾರಿದ್ದು ಅವರಿಗೇ ತಿಳಿಯಲಿಲ್ಲ. ಆಮೇಲೆ ಇಬ್ಬರೂ ನನ್ನ ದಡ್ಡತನವನ್ನು ಮದುವೆಯ ದಿನದಿಂದ ಶುರುಮಾಡಿ ಬಿಡಿಬಿಡಿಯಾಗಿ ಎತ್ತಿ ಆಡಿದರು. ನಾನು ರಸ್ತೆಯ ಬದಿಯಲ್ಲಿ ನಿಂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ.

ಗಾಡಿ ಎಳೆಯುವ ಲಾರಿ ಬಂದಾಗ, ಅತ್ತೆ ಆಟೋದ ಸುದ್ದಿಯನ್ನೇ ಎತ್ತದೆ, ಸೆರಗು ಬಿಗಿದು ಡ್ರೈವರನ ಪಕ್ಕ ಹತ್ತಿ ಕುಳಿತು, "ಮೊದ್ಲು ಆಸ್ಪತ್ರೆ, ಆಮೇಲೆ ನಿಮ್ಮ ಗ್ಯಾರೇಜು" ಎಂದು ಅಪ್ಪಣೆ ಕೊಡಿಸಿದರು. ಲಾರಿಗೆ ಜೋತುಬಿದ್ದ ಕಾರನ್ನು ನೋಡಿದ ಆಸ್ಪತ್ರೆಯ ಕಾವಲುಗಾರ, ಇದನ್ನು ಎಮರ್ಜೆನ್ಸಿಗೆ ಬಿಡಲೇ ಎಂದು ಕೇಳಿದ. ಅಕ್ಕ ತಂಗಿ ರಾತ್ರಿಯವರೆಗೂ ಕೈ ಕೈ ಹಿಡಿದು ಕುಳಿತಿದ್ದರು. ಹೊಲಿಗೆ ಯಂತ್ರದ ಮಾತು ಬರಲೇ ಇಲ್ಲ. ಅದಕ್ಕೆ ಬಿಡುವೇ ಸಿಗದಷ್ಟು ದೊಡ್ಡ ವಿಷಯವಾಗಿ ನಾನಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ಕಳಕಳಿಯ ವಿನಂತಿ. ತಾವು ದಯವಿಟ್ಟು ತಪ್ಪೊಪ್ಪಿಕೊಳ್ಳಬೇಡಿ. ಕ್ಷಮೆ ಕೇಳಿಕೊಂಡು ಹೂಗುಚ್ಛ ಹಿಡಿದು ಆಸ್ಪತ್ರೆಗೆ ಬಂದುಬಿಡಬೇಡಿ. ನಾನು ನಿರಪರಾಧಿ ಎಂದು ಗೊತ್ತಾದ ಮರುಕ್ಷಣ ಈ ಸಹೋದರಿಯರಿಗೆ ಮಾತಾಡಲು ವಿಷಯವಿಲ್ಲದಂತಾಗಿ, ಹೊಲಿಗೆ ಯಂತ್ರ ಮತ್ತೆ ಅಟ್ಟದಿಂದ ಇಳಿಯುತ್ತದೆ. ಬದಲಿಗೆ, ಸಂಪೂರ್ಣ ತಪ್ಪು ಅಳಿಯನದೇ ಎಂದು ತಮ್ಮ ಬಂಕಿನ ಮೊಹರು ಒತ್ತಿದ ಪ್ರಮಾಣಪತ್ರವೊಂದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಕಟ್ಟು ಹಾಕಿಸಿ ಕಳಿಸಿಕೊಟ್ಟರೆ ದೊಡ್ಡತ್ತೆಯ ಮಂಚದ ಎದುರಿಗೆ ತೂಗುಹಾಕುತ್ತೇನೆ. ತಮ್ಮ ಮ್ಯಾನೇಜರನ್ನೂ ಕೆಲಸದಿಂದ ತೆಗೆಯಬೇಡಿ. ಊರಿನಲ್ಲಿ ಮುರಿದ ಸಂಬಂಧಗಳು ಇನ್ನೂ ಎಷ್ಟೋ ಇವೆ. ದೊಡ್ಡತ್ತೆ ಎದ್ದು ಓಡಾಡುವಂತಾದ ಮೇಲೆ ತಾವೂ ನಾನೂ ಗ್ರಾಹಕರ ನ್ಯಾಯಾಲಯದಲ್ಲಿ ಆರಾಮವಾಗಿ ಭೇಟಿಯಾಗೋಣ.

ಈಗ ಈ ಆಪರೇಷನ್ ಕೋಣೆಯ ಬಾಗಿಲು ಒಮ್ಮೆ ತೆರೆದರೆ ಸಾಕಾಗಿದೆ.

ಅಲ್ಲಿಯವರೆಗೆ ಸರ್ವಾಪರಾಧಿಯಾಗಿರಲು ಒಪ್ಪಿರುವ,
ತಮ್ಮ ವಿಶ್ವಾಸಿ,
ಒಬ್ಬ ಅಳಿಯ

ತಾ.ಕ.: ಇದನ್ನು ಮರುದಿನ ಸೇರಿಸುತ್ತಿದ್ದೇನೆ. ಆಪರೇಷನ್ ಚೆನ್ನಾಗಿ ಆಯಿತು. ಬೆಳಗ್ಗೆ ದೊಡ್ಡತ್ತೆಗೆ ಮಾತು ಬಂದಾಗ, ಕೈ ಹಿಡಿದು ಪಕ್ಕದಲ್ಲೇ ಕುಳಿತಿದ್ದ ತಂಗಿಯನ್ನು ಅವರು ಕೇಳಿದ ಮೊದಲ ಪ್ರಶ್ನೆ, "ಆ ಪೆದ್ದ ಏನಾದ್ರೂ ತಿಂದ್ನಾ?" ಎಂಬುದು. ಆ ಬಿರುದಿನಲ್ಲಿ ಅರ್ಧ ಪಾಲು ನ್ಯಾಯವಾಗಿ ತಮಗೆ ಸೇರಬೇಕು. ಸದ್ಯಕ್ಕೆ ನಾನು ಕೊಡುವುದಿಲ್ಲ.