ಗುಂಡು ಎಲ್ಲಿ ಬಿತ್ತು?

ನನ್ನ ಹತ್ತಿರ ಬಂದೂಕು ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಮಾತು ಕೇಳಿ ನಿಮಗೆ ನನ್ನ ಮೇಲೆ ಅನುಮಾನ ಬರಬಹುದು. ಸುರುಸುರುಬತ್ತಿ ಹಚ್ಚುವಾಗಲೂ ಮುಖ ಆಚೆ ತಿರುಗಿಸುವ ಗಂಡಸು ನಾನು. ಆದರೆ ಬಂದೂಕೊಂದನ್ನು ಬಿಟ್ಟು, ಎರಡು ಕಿಲೋಮೀಟರ್ ಆಚೆಯ ಗುರಿಗೆ ಗುಂಡು ಹೊಡೆಯಲು ಏನೇನು ಬೇಕೋ ಅದೆಲ್ಲ ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿದೆ. ಗಾಳಿಯ ವೇಗ ಅಳೆಯುವ ಅಂಗೈಯಷ್ಟು ಯಂತ್ರವಿದೆ, ಮೂರು ಕಾಲಿನ ದುರ್ಬೀನು ಇದೆ, ಲೇಸರಿನಿಂದ ದೂರ ಹೇಳುವ ಡಬ್ಬಿ ಇದೆ, ಎಲ್ಲವನ್ನೂ ಕೂಡಿಸಿ ಲೆಕ್ಕ ಕೊಡುವ ಆ್ಯಪ್ ಮೊಬೈಲಿನಲ್ಲಿದೆ. ಸಂಜೆ ಮಾಳಿಗೆ ಹತ್ತಿ ದೂರದ ನೀರಿನ ಟಾಕಿಗೆ ದುರ್ಬೀನು ಹಿಡಿದು ಕೂಡುತ್ತೇನೆ. ಎದುರು ಮನೆಯವರು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿಸಿದರು. ಪಾಪ ಅನಿಸಿ, "ನಿಮ್ಮ ಮನ್ಯಾಗ ನೋಡುವಂಥಾದ್ದು ಏನದರಿ, ನಾ ದೂರಿಂದು ನೋಡ್ತೀನಿ" ಎಂದು ಸಮಾಧಾನ ಹೇಳಿ ಬಂದೆ. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ.

ಈ ಹುಚ್ಚು ಹಿಡಿದದ್ದು ನನ್ನ ಹೆಂಡತಿ ವತ್ಸಲಾ ತೀರಿಕೊಂಡ ಮೇಲೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಎನ್ನುವ ಲೆಕ್ಕವನ್ನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ, ಪ್ರತಿ ಸಲವೂ "ಗಾಳಿಯ ಅಡ್ಡಿಯನ್ನು ಬಿಟ್ಟುಬಿಡಿ" ಎಂಬ ಮಾತಿನೊಂದಿಗೆ. ಸಂಜೆ ಬೀಗ ತೆಗೆದರೆ ಒಳಗಿನಿಂದ "ಬಂದ್ರೇನು?" ಎನ್ನುವವರಿಲ್ಲ. ಮನೆಯಲ್ಲಿ ಒಂದಿಷ್ಟು ಮನುಷ್ಯರ ದನಿ ಇರಲಿ ಎಂದು ಮೊಬೈಲಿನಲ್ಲಿ ಏನಾದರೊಂದು ಹಚ್ಚಿಡುತ್ತಿದ್ದೆ. ಅದು ತನ್ನಷ್ಟಕ್ಕೆ ಒಂದರಿಂದ ಒಂದಕ್ಕೆ ಹಾರುತ್ತ, ಕಣ್ಣಿಗೇ ಕಾಣದಷ್ಟು ದೂರದ ಉಕ್ಕಿನ ತಟ್ಟೆಗೆ ಗುಂಡು ಹೊಡೆಯುವ ಇಬ್ಬರ ಹತ್ತಿರ ಬಂದು ನಿಂತಿತು. ನನಗೆ ಹಿಡಿಸಿದ್ದು ಗುಂಡಲ್ಲ. ಅಕ್ಕಪಕ್ಕ ಬೋರಲು ಮಲಗಿದ ಆ ಇಬ್ಬರು ತಮ್ಮೊಳಗೆ ಮೆಲ್ಲಗೆ ಮಾತಾಡುತ್ತಿದ್ದರು.

ಅಷ್ಟು ದೂರ ಹೋಗಲು ಗುಂಡಿಗೆ ನಾಲ್ಕೈದು ಸೆಕೆಂಡು ಬೇಕಂತೆ. ಅಷ್ಟರಲ್ಲಿ ಭೂಮಿಯೇ ಒಂದಿಷ್ಟು ತಿರುಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ನೆಲದ ಝಳಕ್ಕೆ ಗುರಿಯೇ ನೀರಿನಲ್ಲಿದ್ದಂತೆ ಅಲ್ಲಾಡುತ್ತದೆ. ಹೋಗುತ್ತ ಹೋಗುತ್ತ ಗುಂಡಿನ ವೇಗ ಇಳಿದು, ಶಬ್ದದ ವೇಗದ ಹತ್ತಿರ ಬಂದಾಗ ಅದು ತೂರಾಡತೊಡಗುತ್ತದೆ. ಅಲ್ಲಿಂದ ಮುಂದೆ ಯಾವ ಲೆಕ್ಕವನ್ನೂ ನಂಬುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಗಾಳಿ. ನನ್ನ ಯಂತ್ರ ನನ್ನ ಕೈ ಹತ್ತಿರದ ಗಾಳಿಯನ್ನಷ್ಟೇ ಬಲ್ಲದು. ಅರ್ಧ ದಾರಿಯಲ್ಲಿ ಅದು ತಿರುಗಿ ಬೀಸುತ್ತಿದ್ದರೆ ಇದಕ್ಕೆ ಸುದ್ದಿಯೇ ಇಲ್ಲ. ಹೀಗಾಗಿ ಎಂಥ ನಿಪುಣನ ಮೊದಲ ಗುಂಡೂ ತಪ್ಪುವುದೇ ಹೆಚ್ಚು. ಮೇಲಾಗಿ ಬಂದೂಕಿನ ಒದೆತಕ್ಕೆ ಅವನ ಕಣ್ಣು ಗುರಿಯಿಂದ ಸರಿದು, ತನ್ನ ಗುಂಡು ಎಲ್ಲಿ ಬಿತ್ತೆಂದು ಅವನಿಗೇ ಕಾಣದೆ ಹೋಗುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬ ದುರ್ಬೀನು ಹಿಡಿದಿರುತ್ತಾನೆ. "ಒಂದು ಮೊಳ ಎಡಕ್ಕೆ ಹೋಯಿತು" ಎಂದು ಅವನು ಹೇಳಬೇಕು, ಆಗ ಎರಡನೆಯದು ಗುರಿಗೆ ಬೀಳುತ್ತದೆ.

ಇದು ತಿಳಿದ ದಿನ ನಾನು ಮೊಬೈಲ್ ಕೆಳಗಿಟ್ಟೆ. ಇಪ್ಪತ್ತೇಳು ವರ್ಷ ವತ್ಸಲಾ ನನ್ನ ಪಕ್ಕದಲ್ಲಿ ಕೂತು ಮಾಡಿದ್ದು ಇದನ್ನೇ. ನನ್ನ ಬಾಯಿಂದ ಹೊರಟ ಮಾತು ಎಲ್ಲಿ ಹೋಗಿ ಬಿತ್ತೆಂದು ನನಗೆ ಎಂದೂ ಕಂಡದ್ದಿಲ್ಲ. ಒಂದು ಮದುವೆಯಲ್ಲಿ ವರನ ತಂದೆಗೆ, "ನಿಮ್ಮ ಮಗ ಮೊದಲನೇ ಸಲಕ್ಕ ಪಾಸಾಗಿದ್ದು ಇದೊಂದೇ ನೋಡ್ರಿ" ಎಂದು ತಮಾಷೆ ಮಾಡಿದೆ. ಕೂಡಲೇ ವತ್ಸಲೆಯ ಮೊಣಕೈ ನನ್ನ ಪಕ್ಕೆಗೆ ಬಿತ್ತು. "ಅವರ ಮಾರಿ ಸಣ್ಣದಾತು. ಹೋಗಿ ಛಲೋ ಎರಡು ಮಾತಾಡಿ ಬರ್ರಿ" ಎಂದು ಅಟ್ಟಿದಳು. ಈಗ ಎರಡು ವರ್ಷದಿಂದ ನನ್ನ ಪಕ್ಕೆಗೆ ಏನೂ ಬಿದ್ದಿಲ್ಲ. ಇಂಥ ಆರಾಮ ಯಾರಿಗೂ ಬೇಡ.

ಅವಳ ತವರು ಕಮಲಾಪುರ. ಅಲ್ಲಿ ಅವಳ ಅಣ್ಣ ಇದ್ದಾರೆ, ಅವರ ಹೆಂಡತಿಯನ್ನು ನಾವು ವೈನಿ ಎನ್ನುತ್ತೇವೆ. ವತ್ಸಲಾ ಹೋದ ಮೇಲೂ ಪ್ರತಿ ರವಿವಾರ ವೈನಿಯ ಫೋನು ಬರುತ್ತಿತ್ತು, ಆಗೀಗ ಅವರ ಹೊಲದ ಕೆಂಪು ಬಾಳೆಹಣ್ಣು ಬರುತ್ತಿದ್ದವು. "ಉಂಡ್ರೇನು?" ಎಂದು ನನ್ನನ್ನು ಕೇಳುವ ಫೋನು ವಾರಕ್ಕೆ ಅದೊಂದೇ. ಹೋದ ವರ್ಷ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಬಂದ ಮೇಲೆ ಅದೂ ನಿಂತಿತು. ಕಾರಣ ನನಗೆ ಗೊತ್ತಿತ್ತು. ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತ, "ವೈನಿ, ಇವನ್ನ ಕಪನೂರದ ಕಬ್ಬಿಣದ ಕಾರ್ಖಾನ್ಯಾಗ ಮಾಡಿಸಿದ್ರೇನು?" ಎಂದಿದ್ದೆ. ಎಲ್ಲರೂ ನಕ್ಕರು. ವೈನಿಯೂ ನಕ್ಕಂತೆ ಕಂಡಿತ್ತು, ಆದರೆ ನನಗೆ ಕಂಡದ್ದನ್ನು ನಂಬುವುದು ಹೇಗೆ? ನಾಚಿಕೆಗೆ ನಾನೂ ಫೋನು ಮಾಡಲಿಲ್ಲ. ರವಿವಾರಗಳು ಬಹಳ ಉದ್ದವಾದವು. ಒಂದು ಸಂಜೆ ಆ್ಯಪಿನಲ್ಲಿ ಗುರಿಯ ದೂರ ಎಂಬಲ್ಲಿ ಕಮಲಾಪುರದ ದೂರ ಹಾಕಿ ನೋಡಿದೆ. ಇಷ್ಟು ದೂರಕ್ಕೆ ಲೆಕ್ಕ ಸಿಗದು ಎಂದಿತು. ಬಸ್ಸಿನವರಿಗೆ ಅಂಥ ತೊಂದರೆ ಏನೂ ಇರಲಿಲ್ಲ.

ಮರುದಿನ ಸೂಪರ್ ಮಾರ್ಕೆಟ್ ಬಡಾವಣೆಯ ಹೋಟೆಲಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದು ಧೈರ್ಯ ತಂದುಕೊಂಡು ಬಸ್ಸು ಹತ್ತಿದೆ. ವೈನಿ ಬಾಗಿಲು ತೆಗೆದು "ಬರ್ರಿ ರಾಯರ" ಎಂದರು, ಅಷ್ಟೇ. ಅಣ್ಣ ಹೊಲಕ್ಕೆ ಹೋಗಿದ್ದರು. ಹನ್ನೆರಡು ಹೊಡೆದರೂ ಎಲೆ ಹಾಕುವ ಸುಳಿವಿಲ್ಲ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತಂದಿಟ್ಟರು. ಬಂದವರಿಗೆ ಉಣ್ಣಿಸದೆ ಕಳಿಸುವ ಮನೆ ಅದಲ್ಲ. ಪೆಟ್ಟು ನಾನು ಎಣಿಸಿದ್ದಕ್ಕಿಂತ ಜೋರಾಗಿಯೇ ಬಿದ್ದಿದೆ ಎಂದುಕೊಂಡೆ. ತಡೆಯಲಾರದೆ ದುರ್ಬೀನಿನವನಿಂದ ಹಿಡಿದು ಹೋಳಿಗೆಯವರೆಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ.

"ಅಯ್ಯ, ಹೋಳಿಗಿ ಖರೇನ ಬಿರುಸಾಗಿದ್ವು. ಅದಕ್ಕ ಯಾರು ಸಿಟ್ಟಾಗ್ತಾರ್ರಿ?" ಎಂದರು ವೈನಿ. "ಹೊಂಟಾಗ ಬಾಗಲದಾಗ ನಿಂತು ಏನಂದ್ರಿ, ನೆನಪದ ಏನು? ವತ್ಸಲಾನ ಇಲ್ಲಂದ ಮ್ಯಾಲ ಈ ಊರಾಗ ನನಗೇನು ಕೆಲಸ, ನನ್ನ ಸಲುವಾಗಿ ತ್ರಾಸ ತಗೋಬ್ಯಾಡ್ರಿ ಅಂದ್ರಿ. ಅವತ್ತ ಇವರು ಎಲಿ ಮುಂದಿಂದ ಹಂಗೇ ಎದ್ರು. ನೀವೇ ಬ್ಯಾಡಂದ ಮ್ಯಾಲ ನಾವು ಹ್ಯಾಂಗ ಫೋನ್ ಮಾಡೋದ್ರಿ?"

ನೆನಪಾಯಿತು. "ಹಂಗ್ಯಾಕಂತೀರಿ, ಬರ್ಕೋತ ಇರ್ರಿ" ಎಂದು ಅವರ ಬಾಯಿಂದ ಕೇಳುವ ಆಸೆಗೆ ಆಡಿದ ಮಾತು ಅದು. ಅವರು ನನ್ನ ಮೇಲಿನ ಮರ್ಯಾದೆಗೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಹಾಲು ಬಿಸಿ ಇದೆ ಎಂದೆ. ಅದು ಆರಿ ಬಹಳ ಹೊತ್ತಾಗಿತ್ತು.

ಹೊರಡುವಾಗ ವೈನಿ ಚೀಲದ ತುಂಬ ಕೆಂಪು ಬಾಳೆಹಣ್ಣು ಕೊಟ್ಟರು. ಈ ಸಲ ಸರಿಯಾದ ಮಾತನ್ನೇ ಆಡಬೇಕೆಂದು ಅದೇ ಬಾಗಿಲಲ್ಲಿ ನಿಂತೆ. ಬಾಯಿಂದ ಹೊರಟದ್ದು, "ಈ ಸಲ ಹಣ್ಣು ಸಣ್ಣವು ಅವಲ್ರಿ."

ವೈನಿ ಕಣ್ಣು ಕಿರಿದು ಮಾಡಿ ನನ್ನ ತಲೆಯಾಚೆ ಎಲ್ಲೋ ನೋಡಿದರು. "ಒಂದು ಮೊಳ ಎಡಕ್ಕ ಹೋತ್ರಿ, ರಾಯರ. ಇನ್ನೊಮ್ಮೆ ಹೊಡೀರಿ."

"ದ್ವಾದಶಿಗೆ ಊಟಕ್ಕ ಬರ್ತೀನ್ರಿ, ವೈನಿ."

"ಈಗ ಬರೋಬ್ಬರಿ ಬಿತ್ತು ನೋಡ್ರಿ."

ಬಸ್ಸು ಊರು ದಾಟಿದ ಮೇಲೆ ಹೊಳೆಯಿತು, ದ್ವಾದಶಿ ಯಾವಾಗ ಎಂದು ನನಗೆ ಗೊತ್ತೇ ಇಲ್ಲ. ಪಂಚಾಂಗ ನೋಡಿ, ದ್ವಾದಶಿಯ ಊಟಕ್ಕೆ ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದವಳು ವತ್ಸಲಾ. ಭೂಮಿ ತಿರುಗುವುದನ್ನು ಲೆಕ್ಕ ಹಿಡಿಯುವ ಮೊಬೈಲಿನಿಂದ ವೈನಿಗೆ ಫೋನು ಮಾಡಿ ಕೇಳಿದೆ.

"ನಾಳೇನ ರೀ. ಇವತ್ತ ಏಕಾದಶಿ ಅಲ್ಲೇನು? ನೀವೂ ಉಪವಾಸ ಇರ್ತೀರಂತ ಬರೇ ಹಾಲು ಹಣ್ಣು ಕೊಟ್ಟೆ. ಮುಂಜಾನಿ ಏನೂ ತಿಂದಿಲ್ಲ ಹೌದಲ್ರಿ?"

ಎರಡು ಪ್ಲೇಟ್ ಇಡ್ಲಿ ಕಣ್ಣ ಮುಂದೆ ಬಂದವು. ಇಂಥ ಹೊತ್ತಿನಲ್ಲಿ ಪಕ್ಕೆಗೆ ಬೀಳಬೇಕಾದದ್ದಕ್ಕೆ ಕಾದೆ. ಪಕ್ಕದ ಸೀಟಿನಲ್ಲಿ ಬಾಳೆಹಣ್ಣಿನ ಚೀಲವಷ್ಟೇ ಇತ್ತು.

"ಇಲ್ರಿ ವೈನಿ, ಏನೂ ತಿಂದಿಲ್ಲ" ಎಂದೆ.

"ಎಡಕ್ಕ ಹೋತ್ರಿ, ರಾಯರ" ಎಂದರು ವೈನಿ.